ಹನ್ನೆರಡನೆಯ ಕಿಲೋಮೀಟರಿನ ಲೆಕ್ಕ

ನಾನು ಹುಟ್ಟಾ ಪುಕ್ಕಲು. ಬಸ್ಸಿನಲ್ಲಿ ಕೂತರೆ ಎದುರಿನ ಕಂಬಿ ಹಿಡಿದ ಕೈ ಇಳಿಯುವವರೆಗೆ ಸಡಿಲವಾಗುವುದಿಲ್ಲ. ಅಂಥವಳು ಎರಡು ಬಸ್ಸುಗಳನ್ನು ಒಂದರ ಮೇಲೊಂದು ಛೂ ಬಿಟ್ಟಳು ಎಂದರೆ ನನ್ನ ಮನೆಯವರೇ ನಂಬಲಿಕ್ಕಿಲ್ಲ. ಬಿಟ್ಟದ್ದು ನಿಜ. ಕರಿಹಲಗೆಯ ಮೇಲೆ, ಸೀಮೆಸುಣ್ಣದಲ್ಲಿ, ತರಗತಿಯನ್ನೆಲ್ಲ ನಗಿಸುತ್ತ ಬಿಟ್ಟೆ.

ಎಪ್ಪತ್ತರ ದಶಕದ ಕೊನೆಯ ಮಾತು. ಅಲೆವೂರಿನ ಮನೆಯಿಂದ ಹೊರಟು, ಮಣಿಪಾಲದಲ್ಲಿ ಬಸ್ಸು ಹಿಡಿದು, ಕಾರ್ಕಳದ ಒಂದು ಕಾಲೇಜಿನಲ್ಲಿ ಪಿಯುಸಿಯವರಿಗೆ ಭೌತಶಾಸ್ತ್ರ ಕಲಿಸುತ್ತಿದ್ದೆ. ಮಕ್ಕಳು ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಬಂದವರು, ಮನೆಯಲ್ಲಿ ತುಳು ಇಲ್ಲವೇ ಕೊಂಕಣಿ. ಇಲ್ಲಿ ಪಠ್ಯಪುಸ್ತಕ ಇಂಗ್ಲಿಷಿನದು. ಅದರ ಲೆಕ್ಕಗಳಲ್ಲೆಲ್ಲ ರೈಲು ಓಡುತ್ತಿತ್ತು. ನಮ್ಮ ತರಗತಿಯಲ್ಲಿ ರೈಲು ಹತ್ತಿದವರೇ ಅಪರೂಪ. ಲೆಕ್ಕ ಬರೆದು ಮುಗಿಸುವಷ್ಟರಲ್ಲಿ ಮುಖಗಳು ಬಾಡಿರುತ್ತಿದ್ದವು, ಕೋಣೆಯಲ್ಲಿ ಉಸಿರಿನ ಸದ್ದೂ ಇರುತ್ತಿರಲಿಲ್ಲ. ಆ ಮೌನಕ್ಕೆ ಅವರಿಗಿಂತ ಹೆಚ್ಚು ನಾನೇ ಹೆದರುತ್ತಿದ್ದೆ. ಅದನ್ನು ಒಡೆಯಲಿಕ್ಕೆಂದು ಸ್ವಂತ ಲೆಕ್ಕಗಳನ್ನು ಕಟ್ಟತೊಡಗಿದೆ.

ಮೊದಲನೆಯದು ಹಲಸಿನ ಹಣ್ಣಿನ ಲೆಕ್ಕ. ಮರದ ಬುಡದಲ್ಲಿ ಮಾವ ಮಧ್ಯಾಹ್ನದ ನಿದ್ದೆಯಲ್ಲಿದ್ದಾರೆ. ಐದು ಮೀಟರ್ ಮೇಲೆ ಹಣ್ಣಿನ ತೊಟ್ಟು ಕಳಚಿತು. ದೂರದಲ್ಲಿರುವ ಅಳಿಯನಿಗೆ 'ಮಾವಾ, ಏಳಿ' ಎಂದು ಕೂಗಲು ಎಷ್ಟು ಹೊತ್ತುಂಟು? ಗುರುತ್ವದ ಸೂತ್ರ ಹಾಕಿದರೆ ಉತ್ತರ ಒಂದು ಸೆಕೆಂಡು. ಹಿಂದಿನ ಬೆಂಚಿನಲ್ಲಿ ಒಬ್ಬ ಗಡಿಯಾರ ನೋಡುತ್ತ ಕೂಗಿ ನೋಡಿದ. 'ಏಳಿ' ಬರುವ ಮೊದಲೇ ಮಾವನ ಕಥೆ ಮುಗಿದಿತ್ತು. ಆ ದಿನ ತರಗತಿ ಬಿದ್ದು ಬಿದ್ದು ನಕ್ಕಿತು. ಮರುದಿನ ಪುಸ್ತಕದ ಲೆಕ್ಕವನ್ನೂ ಮಾಡಿತು.

ಇಂಥ ಲೆಕ್ಕ ಕಟ್ಟುವುದಕ್ಕೆ ನನ್ನದೇ ಕೆಲವು ನಿಯಮಗಳಿದ್ದವು. ನಗು ಪ್ರಶ್ನೆಯಲ್ಲಿದ್ದರೆ ಸಾಲದು, ಉತ್ತರದಲ್ಲಿರಬೇಕು. ಆಗ ನಗಬೇಕಾದರೆ ಲೆಕ್ಕ ಮಾಡಿಯೇ ಆಗಬೇಕು. ಸಂಖ್ಯೆಗಳು ದಶಮಾಂಶದ ಬಾಲವಿಲ್ಲದೆ ಹೊರಗೆ ಬರಬೇಕು. ಯಾರದೇ ನಿಜವಾದ ಹೆಸರು ಇರಬಾರದು. ಈ ಕೊನೆಯ ನಿಯಮವನ್ನು ನಾನು ಮುರಿದೆ. ಬಸ್ಸಿಗೆ ಹೆಸರಿದ್ದರೂ ಅದು ಮನುಷ್ಯನಲ್ಲವಲ್ಲ ಎಂದುಕೊಂಡೆ.

ಬೇರೆ ಊರಿನವರಾದರೆ ಹಾಗೆ ಅಂದುಕೊಳ್ಳಬಹುದು, ನಮ್ಮ ಊರಿನವಳು ಅಂದುಕೊಳ್ಳಬಾರದಿತ್ತು. ನಮ್ಮಲ್ಲಿ ಬಸ್ಸುಗಳೆಲ್ಲ ಖಾಸಗಿಯವು, ಪ್ರತಿಯೊಂದಕ್ಕೂ ಹೆಸರು, ಪ್ರತಿ ಹೆಸರಿಗೂ ಒಂದು ಪಕ್ಷ. ಕಾಲೇಜಿನ ಹುಡುಗರು ತಮ್ಮ ಬಸ್ಸು ಬಿಟ್ಟು ಇನ್ನೊಂದನ್ನು ಹತ್ತಿದರೆ ಪಕ್ಷಾಂತರ. ಆಯುಧಪೂಜೆಗೆ ತಮ್ಮ ಬಸ್ಸಿಗೆ ಮಾಲೆ ಕಟ್ಟಿ ತರುವವರೂ ಅವರೇ. ಆ ಎರಡು ಬಸ್ಸುಗಳ ಹೆಸರು ಇಲ್ಲಿ ಬೇಡ; ಬಣ್ಣದಿಂದ ಹಸಿರು, ಹಳದಿ ಎನ್ನುತ್ತೇನೆ. ನಾನು ಹೋಗುತ್ತಿದ್ದದ್ದು ಹಸಿರಿನಲ್ಲಿ. ಅದರ ಡ್ರೈವರು ನಡುವಯಸ್ಸು ದಾಟಿದ, ಮಾತು ಕಡಿಮೆಯ ಮನುಷ್ಯ. ಹಳದಿಯ ಡ್ರೈವರು ಇನ್ನೂ ಮದುವೆಯಾಗದ ತರುಣ.

ಸಾಪೇಕ್ಷ ವೇಗದ ಪಾಠದ ದಿನ ಹಲಗೆಯ ಮೇಲೆ ಬರೆದ ಲೆಕ್ಕ ಹೀಗಿತ್ತು. ಹಸಿರು ಬಸ್ಸು ಮಣಿಪಾಲ ಬಿಟ್ಟ ಆರು ನಿಮಿಷಕ್ಕೆ ಹಳದಿ ಹೊರಡುತ್ತದೆ. ಹಸಿರಿನ ವೇಗ ಗಂಟೆಗೆ ಮೂವತ್ತು ಕಿಲೋಮೀಟರ್, ಏಕೆಂದರೆ ಅದು ಕಂಡ ಕಂಡ ಗೇಟಿನಲ್ಲೆಲ್ಲ ನಿಂತು ಕ್ಷೇಮಸಮಾಚಾರ ಕೇಳುತ್ತದೆ. ಹಳದಿಯದು ನಲವತ್ತು, ಏಕೆಂದರೆ ಅದಕ್ಕೆ ಯಾರ ಕ್ಷೇಮವೂ ಬೇಡ. ಹಸಿರು ಬಸ್ಸಿನ ಕಂಡಕ್ಟರು ಹೆಗಲ ಮೇಲಿನ ಬೈರಾಸಿನಿಂದ ಮುಖ ಮುಚ್ಚಿಕೊಳ್ಳಬೇಕಾದ ಜಾಗ ಯಾವುದು?

ಉತ್ತರ, ಮಣಿಪಾಲದಿಂದ ಹನ್ನೆರಡು ಕಿಲೋಮೀಟರ್. ಹಾಗೆಂದರೆ ಎಲ್ಲಿ ಎಂದು ನಾನು ಯೋಚಿಸಿಯೇ ಇರಲಿಲ್ಲ. ಮಕ್ಕಳಿಗೆ ಆ ರಸ್ತೆಯ ಒಂದೊಂದು ಮೈಲಿಗಲ್ಲೂ ಬಾಯಿಪಾಠ. ಹಿರಿಯಡ್ಕ ದಾಟಿ ಬೈಲೂರಿಗೆ ಹೋಗುವಾಗ ಒಂದು ಇಳಿಜಾರು, ಬುಡದಲ್ಲಿ ಮುರಕಲ್ಲಿನ ಗುಡ್ಡದ ಮರೆಯಲ್ಲಿ ತಿರುವು, ತಿರುವು ಮುಗಿಯುವಲ್ಲಿ ಒಂದೇ ಬಸ್ಸು ಹಿಡಿಸುವಷ್ಟು ಅಗಲದ ಕಿರುಸೇತುವೆಯಂಥ ಮೋರಿ, ಅದರ ಕೆಳಗೆ ಹರಿಯುವ ನೀರಿನ ತೋಡು. 'ಮೋರಿಯ ತಿರುವು' ಎಂದು ಯಾರೋ ಕೂಗಿದರು. ಹಳದಿಯ ಪಕ್ಷದವರು ಬೆಂಚು ಬಡಿದರು. ಜಾಗ ಆರಿಸಿದ್ದು ನಾನಲ್ಲ, ಭಾಗಾಕಾರ. ನಾನೂ ಅವರ ಜೊತೆ ನಕ್ಕೆ.

ಮರುದಿನ ಬೆಳಿಗ್ಗೆ ಹಸಿರು ಬಸ್ಸಿನ ಬೆನ್ನಿಗೆ ಯಾರೋ ಸೀಮೆಸುಣ್ಣದಲ್ಲಿ ದಪ್ಪಗೆ '೧೨' ಎಂದು ಬರೆದಿದ್ದರು. ಕ್ಲೀನರು ಒದ್ದೆ ಬಟ್ಟೆಯಿಂದ ಒರೆಸಿದ. ಅದರ ಮರುದಿನ ಮತ್ತೆ ಬರೆದಿತ್ತು. ಪರ್ಕಳದಲ್ಲಿ ಹಾಲಿನ ಕ್ಯಾನು ಇಳಿಸುವವರೆಗೆ ಕಾಯುತ್ತಿದ್ದ ಬಸ್ಸು ಈಗ ಕ್ಯಾನು ನೆಲ ಮುಟ್ಟುವ ಮೊದಲೇ ಹೊರಡತೊಡಗಿತು. ನನ್ನ ಸೀಟು ಡ್ರೈವರ ಹಿಂದೆಯೇ ಇದ್ದ ಹೆಂಗಸರ ಸೀಟು, ಎದುರಿನ ಗಾಜಿನಲ್ಲಿ ರಸ್ತೆಯೆಲ್ಲ ಕಾಣುತ್ತಿತ್ತು. ಅಷ್ಟು ಕಾಣುವುದು ಪುಕ್ಕಲರಿಗೆ ಒಳ್ಳೆಯದಲ್ಲ.

ಅದು ನಡೆದ ದಿನ ಮುಂಜಾನೆ ಮಳೆ ಬಂದು ನಿಂತಿತ್ತು. ಹಿರಿಯಡ್ಕ ದಾಟುವಾಗ ಹಿಂದಿನಿಂದ ಹಾರನ್ನು ಕೇಳಿತು. ಕನ್ನಡಿಯಲ್ಲಿ ಹಳದಿ ಕಂಡಿತು. ನಮ್ಮ ಬಸ್ಸಿನ ಹುಡುಗರು ಬಾಗಿಲಲ್ಲಿ ಜೋತು ಬಿದ್ದು ಕೂಗತೊಡಗಿದರು, ಆ ಬಸ್ಸಿನವರೂ ಕೂಗಿದರು. ಇಳಿಜಾರಿನಲ್ಲಿ ಹಳದಿ ನಮ್ಮ ಬಲಕ್ಕೆ ಬಂತು. ಎರಡು ಬಸ್ಸುಗಳೂ ಒಂದಕ್ಕೊಂದು ಅಂಟಿಕೊಂಡ ಹಾಗೆ ತಿರುವಿಗೆ ಇಳಿದವು. ಗುಡ್ಡದ ಮರೆಯಿಂದ ಹಂಚು ತುಂಬಿದ ಲಾರಿಯೊಂದು ಎದುರಾಯಿತು. ಮೋರಿ ಒಂದೇ, ವಾಹನ ಮೂರು. ನನಗೆ ಕೂಗಲಿಕ್ಕೂ ಆಗಲಿಲ್ಲ. 'ಮಾವಾ' ಎನ್ನುವಷ್ಟೂ ಹೊತ್ತಿರಲಿಲ್ಲ. ಯಾರು ಬ್ರೇಕು ಹಾಕಿದರೋ ತಿಳಿಯದು. ಬದಿಯಲ್ಲಿ ತಗಡು ತಗಡಿಗೆ ಉಜ್ಜಿದ ಸದ್ದು, ಬಸ್ಸಿನ ಹಿಂದಿನಿಂದ ಒಂದು ಚೀತ್ಕಾರ. ಹಳದಿ ಹಿಂದೆ ಬಿತ್ತು, ಲಾರಿ ಗುಡ್ಡಕ್ಕೆ ಒರಗಿ ನಿಂತಿತು, ನಾವು ಮೋರಿ ದಾಟಿದ್ದೆವು.

ಆ ಚೀತ್ಕಾರ ಯಾರದೆಂದು ಕಾಲೇಜಿನ ಸ್ಟಾಪಿನಲ್ಲಿ ಇಳಿದಾಗ ಗೊತ್ತಾಯಿತು. ಹಲಸಿನ ಲೆಕ್ಕದಲ್ಲಿ ಗಡಿಯಾರ ಹಿಡಿದು ಕೂಗಿದ್ದ ಹುಡುಗ ಆ ದಿನ ನಮ್ಮ ಬಸ್ಸಿನ ಬೆನ್ನಿನ ಬಲಮೂಲೆಯ ಏಣಿ ಹಿಡಿದು ನೇತಾಡುತ್ತ ಬಂದಿದ್ದನಂತೆ. ಹೆಗಲ ಚೀಲ ಎರಡು ಬಸ್ಸುಗಳ ನಡುವೆ ಸಿಕ್ಕಿತ್ತು. ಪಟ್ಟಿ ಹರಿದದ್ದರಿಂದ ಅವನು ಉಳಿದ. ಚೀಲದೊಳಗಿನ ಬುತ್ತಿಪಾತ್ರೆ ಅಪ್ಪಚ್ಚಿಯಾಗಿ ದೋಸೆಯ ಹಾಗೆ ಚಪ್ಪಟೆಯಾಗಿತ್ತು. ಅವನು ಅದನ್ನು ತರಗತಿಗೆ ತಂದು ಎತ್ತಿ ಹಿಡಿದು, ಇದು ಸಾಪೇಕ್ಷ ವೇಗದ ಪ್ರಾಯೋಗಿಕ ಎಂದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಗಲಿ ಎಂದು ನಾನೇ ಇಷ್ಟು ದಿನ ಹೆಣಗಾಡಿದ ನಗು. ಆ ಪಾತ್ರೆಯ ಜಾಗದಲ್ಲಿ ಅವನ ಎದೆ ಇರಬಹುದಿತ್ತು ಎಂಬುದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಕಾಣುತ್ತಿತ್ತು.

ಮೊದಲು ಗದರಿಸಿ ನೋಡಿದೆ. ಆ ಲೆಕ್ಕವನ್ನು ಎಲ್ಲರೂ ಮರೆಯಬೇಕು, ಅದು ಬರೀ ತಮಾಷೆಗೆ ಬರೆದದ್ದು ಎಂದೆ. ಹಳದಿಯ ಪಕ್ಷದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಡಂ ಹಸಿರಿನಲ್ಲಿ ಬರುವವರು, ಅದಕ್ಕೇ ಉತ್ತರ ಹಿಂದೆ ತೆಗೆದುಕೊಳ್ಳುತ್ತಿದ್ದಾರೆ ಎಂದು ಸಂಜೆಯೊಳಗೆ ಸುದ್ದಿಯಾಯಿತು. ಮರುದಿನ '೧೨' ಬಣ್ಣದಲ್ಲಿ ಬಂತು.

ಪ್ರಾಂಶುಪಾಲರು ಕಾಲೇಜಿನ ಗೇಟಿನ ಹೊರಗಿನದು ತಮ್ಮ ಕೈಯಲ್ಲಿಲ್ಲ ಎಂದರು. ಕೊನೆಗೆ ಧೈರ್ಯ ಮಾಡಿ ಹಸಿರಿನ ಡ್ರೈವರನ್ನೇ ಕೇಳಿದೆ. ಕಾರ್ಕಳದಲ್ಲಿ ಬಸ್ಸು ಖಾಲಿಯಾದ ಮೇಲೆ ಅವರು ಸ್ಟೀರಿಂಗಿಗೆ ಒರಗಿ ಚಾ ಕುಡಿಯುತ್ತಿದ್ದರು. ಎಲ್ಲರ ಹತ್ತಿರ ತುಳು ಮಾತಾಡುವವರು ಟೀಚರಲ್ಲಿ ಕನ್ನಡವೇ ಮಾತಾಡಬೇಕು ಎಂಬ ಮರ್ಯಾದೆ ಇಟ್ಟುಕೊಂಡಿದ್ದರು. ಸ್ವಲ್ಪ ನಿಧಾನ ಹೋಗಬಹುದಲ್ಲ ಎಂದೆ.

"ಟೀಚರ್, ನಾನು ನಿಧಾನ ಹೋದರೆ ನಿಮ್ಮ ಲೆಕ್ಕ ಸರಿ ಅಂತ ಆಗ್ತದೆ" ಎಂದರು ಅವರು. "ಮೊದಲು ಆ ಹುಡುಗ ಹಿಂದಿನಿಂದ ಬಂದರೆ ನಾನು ಸೈಡು ಕೊಡ್ತಿದ್ದೆ, ಅವ ಹೋಗ್ತಿದ್ದ. ಅದರಲ್ಲಿ ಎಂತ ಉಂಟು? ಈಗ ಸೈಡು ಕೊಟ್ಟರೆ ಸೋತ ಹಾಗೆ ಅಲ್ವಾ? ಕಾಲೇಜಿನ ಬೋರ್ಡಿನಲ್ಲಿ ಬರೆದಾಗಿದೆಯಲ್ಲ."

ಸಿಟ್ಟಿನಲ್ಲಿ ಹೇಳಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಬೇಸರದಿಂದ, ಬೇರೆ ದಾರಿಯಿಲ್ಲ ಎನ್ನುವ ಹಾಗೆ ಹೇಳಿದರು.

ಮರುದಿನ ನಾನು ಹಸಿರು ಬಸ್ಸು ಹತ್ತಲಿಲ್ಲ. ಮಣಿಪಾಲದಲ್ಲಿ ಅದು ಬಂದಾಗ ಅಂಗಡಿಯ ಮರೆಗೆ ಸರಿದು, ಅದಾದ ಮೇಲೆ ಹಳದಿಯೂ ಹೋದ ಬಳಿಕ ಬೇರೊಂದು ಬಸ್ಸಿನಲ್ಲಿ ಹೋದೆ. ಜೀವ ಉಳಿಸಿಕೊಂಡವಳಿಗೆ ನೆಮ್ಮದಿ ಇರಬೇಕಿತ್ತು. ಹಿರಿಯಡ್ಕ ದಾಟಿದ ಮೇಲೆ ಎದುರಿನ ರಸ್ತೆಯಲ್ಲಿ ಗಾಜಿನ ಚೂರು ಕಾಣುತ್ತದೋ, ಜನ ಸೇರಿದ್ದಾರೋ ಎಂದು ಕತ್ತು ಚಾಚಿ ನೋಡುತ್ತಲೇ ಹೋದೆ. ತರಗತಿಗೆ ಹೋಗಿ ಹಾಜರಿ ಕರೆಯುವಾಗ ಒಂದೊಂದು 'ಹಾಜರ್' ಕೇಳಿದ ಮೇಲೇ ಮುಂದಿನ ಹೆಸರಿಗೆ ಹೋದೆ. ಬಸ್ಸಿನೊಳಗೆ ಕೂತು ಹೆದರುವುದೇ ವಾಸಿ ಎಂದು ಆ ದಿನ ಗೊತ್ತಾಯಿತು.

ಹಾಜರಿ ಪುಸ್ತಕ ಮುಚ್ಚುವಾಗ ಒಂದು ಯೋಚನೆ ಬಂತು. ಈ ಪಂದ್ಯವನ್ನು ನನ್ನಿಂದ ನಿಲ್ಲಿಸಲಾಗದು. ಆದರೆ ಪಂದ್ಯ ಇಡುವುದು ನನಗೆ ಗೊತ್ತುಂಟು, ಅದಂತೂ ಸಾಬೀತಾಗಿದೆ. ಹಾಗಾದರೆ ಇನ್ನೊಂದು ಪಂದ್ಯ ಇಡಬಾರದೇಕೆ? ಹಲಗೆ ಒರೆಸಿ ಹೊಸ ಲೆಕ್ಕ ಬರೆದೆ. ರಸ್ತೆಯ ನಡುವೆ ಒಂದು ಎಮ್ಮೆ ಮಲಗಿದೆ. ಅದು ಯಾವ ಬಸ್ಸಿಗೂ ಎದ್ದು ಮರ್ಯಾದೆ ಕೊಡುವ ಎಮ್ಮೆಯಲ್ಲ. ಹಸಿರಿನ ಡ್ರೈವರು, ಹಳದಿಯ ಡ್ರೈವರು, ಇಬ್ಬರಲ್ಲಿ ಯಾರು ಎಮ್ಮೆಯ ಕ್ಷಮೆ ಕೇಳಬೇಕಾಗುತ್ತದೆ?

ಹುಡುಗರು ನಕ್ಕರು, ಬ್ರೇಕಿನ ಅಂಕಿ ಅಂಶ ಕೇಳಿದರು. ಕೊಡುವುದಿಲ್ಲ, ಅಳೆಯಬೇಕು ಎಂದೆ. ಮುಂದೆ ಹೋಗುವುದು ಯಾರಿಗೂ ಬರುತ್ತದೆ, ಬೇಗ ನಿಲ್ಲುವ ಡ್ರೈವರು ಯಾರೆಂದು ನೋಡೋಣ ಎಂದೆ. ಸಂಜೆಯೊಳಗೆ ಎರಡು ಪಕ್ಷಗಳೂ ತಮ್ಮ ತಮ್ಮ ಡ್ರೈವರನ್ನು ಒಪ್ಪಿಸಿದ್ದವು.

ಹಸಿರು ಬಸ್ಸಿನ ಮಾಲಕರ ಮನೆಗೆ ಹೋಗಿ ಒಂದು ಭಾನುವಾರಕ್ಕೆ ಬಸ್ಸು ಕೇಳಿದೆ. ತಗಡು ಉಜ್ಜಿದ ಗುರುತು ಅವರೂ ನೋಡಿದ್ದರು, ಹೆಚ್ಚು ಮಾತಾಡದೆ ಒಪ್ಪಿದರು. ಪ್ರಾಂಶುಪಾಲರು ಬ್ರೇಕಿನ ಪರೀಕ್ಷೆಯ ಹೊತ್ತಿಗೆ ಬಸ್ಸಿನೊಳಗೆ ಒಬ್ಬ ವಿದ್ಯಾರ್ಥಿಯೂ ಇರಬಾರದು ಎಂಬ ಷರತ್ತು ಹಾಕಿ ಪ್ರಯೋಗಾಲಯದ ಸ್ಟಾಪ್‌ವಾಚುಗಳನ್ನು ಕೊಟ್ಟರು. ಊರ ಹೊರಗೆ ಪದವು, ಅಂದರೆ ಕೆಂಪು ಮುರಕಲ್ಲಿನ ಬಯಲು, ಅದರ ನಡುವೆ ನೇರವಾದ ಒಂದು ರಸ್ತೆಯಿತ್ತು. ಮಕ್ಕಳು ಮನೆಯ ಬಾವಿಹಗ್ಗಗಳನ್ನು ತಂದು ಒಂದಕ್ಕೊಂದು ಗಂಟು ಹಾಕಿದರು. ಗೋಣಿಗೆ ಬೈಹುಲ್ಲು ತುಂಬಿ ಎಮ್ಮೆ ಮಾಡಿದರು, ತೆಂಗಿನ ಗರಿಯ ಬುಡದ ಕೊತ್ತಳಿಗೆಯ ಕೊಂಬು ಇಟ್ಟರು. ಶಂಕರಪುರದಿಂದ ಬರುತ್ತಿದ್ದ ಹುಡುಗಿ ತನ್ನ ಮುಡಿಯ ಮಲ್ಲಿಗೆ ತೆಗೆದು ಆ ಕೊಂಬಿಗೆ ಸುತ್ತಿದಳು.

ಬಸ್ಸಿನ ವೇಗ ತೋರಿಸುವ ಮುಳ್ಳು ಯಾವ ಕಾಲಕ್ಕೋ ಸತ್ತಿತ್ತು. ಹಾಗಾಗಿ ರಸ್ತೆಗೆ ಸುಣ್ಣದಲ್ಲಿ ಎರಡು ಗೆರೆ ಎಳೆದು, ಬಸ್ಸು ಒಂದರಿಂದ ಇನ್ನೊಂದಕ್ಕೆ ಬರುವ ಸಮಯ ಹಿಡಿದೆವು. ಮೊದಲ ಸಲದ ಸಮಯಗಳು ಒಂದಕ್ಕೊಂದು ತಾಳೆಯೇ ಆಗಲಿಲ್ಲ. ಪ್ರತಿ ಪಕ್ಷವೂ ತನ್ನ ಡ್ರೈವರಿಗೆ ಅನುಕೂಲವಾಗುವ ಹಾಗೆ ವಾಚು ಒತ್ತಿತ್ತು. ಆಮೇಲೆ ಒಂದೊಂದು ವಾಚಿಗೆ ಎರಡೂ ಪಕ್ಷದ ಒಬ್ಬೊಬ್ಬರನ್ನು ನಿಲ್ಲಿಸಿದೆ. ಎರಡನೆಯ ಗೆರೆಯ ಹತ್ತಿರ ಬದಿಯಲ್ಲಿ ನಾನು ಕೆಂಪು ಬೈರಾಸು ಹಿಡಿದು ನಿಂತೆ. ಬಸ್ಸು ಗೆರೆ ಮುಟ್ಟುವಾಗ ನಾನು ಅದನ್ನು ಎತ್ತಬೇಕು, ಆಗ ಬ್ರೇಕು. ಗೆರೆಯಿಂದ ಬಸ್ಸಿನ ಮೂತಿ ನಿಂತಲ್ಲಿಯವರೆಗೆ ಹಗ್ಗ.

ನಿಧಾನದ ಓಟದಲ್ಲಿ ಇಬ್ಬರೂ ಒಂದೇ ಬಸ್ಸನ್ನು ಸರದಿಯಲ್ಲಿ ಓಡಿಸಿದರು. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಉದ್ದದ ಹಗ್ಗ ಬೇಕಾಯಿತು. ಅಲ್ಲಿಗೊಂದು ಕೆಂಪು ಬಟ್ಟೆ ಕಟ್ಟಿ ಅದನ್ನು ಒಂದು ಅಳತೆ ಎಂದಿಟ್ಟುಕೊಂಡೆವು. ಇನ್ನು ಆ ದಿನ ತಿರುವಿನಲ್ಲಿ ಬಂದಷ್ಟೇ ವೇಗ ಬೇಕು ಎಂದೆ. ಹಳದಿಯ ಡ್ರೈವರು ನನ್ನ ಮುಖ ನೋಡಿ, ಸುಳ್ಳು ಹೇಳದೆ ಅಷ್ಟೇ ವೇಗದಲ್ಲಿ ಒಂದು ಸಲ ಓಡಿಸಿ ತೋರಿಸಿದ. ವಾಚಿನಲ್ಲಿ ಅರ್ಧ ಸಮಯ ಬಂತು. ವೇಗ ಎರಡರಷ್ಟು.

ಎಮ್ಮೆಯನ್ನು ಎಲ್ಲಿ ಮಲಗಿಸಬೇಕು ಎಂದು ಕೇಳಿದೆ. ಇಬ್ಬರು ಡ್ರೈವರುಗಳೂ ಎರಡು ಅಳತೆಯಾಚೆ ಎಂದರು. ಅವರು ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ. ವೇಗದ ವರ್ಗದ ಸೂತ್ರವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದಿದ್ದ ನನ್ನ ಮಕ್ಕಳೂ ಎರಡೇ ಎಂದರು. ನಾನು ಬಾಯಿ ಬಿಡಲಿಲ್ಲ. ಎರಡು ಅಳತೆಗೆ ಇನ್ನೊಂದಿಷ್ಟು ಧಾರಾಳವಾಗಿ ಸೇರಿಸಿ ಎಮ್ಮೆಯನ್ನು ಮಲಗಿಸಿದರು.

ಹಳದಿಯ ಡ್ರೈವರು ಓಡಿಸಿದ ಬಸ್ಸು ಬಂತು. ಹಿಂದಿನ ಸಲ ನನ್ನ ಕಣ್ಣು ವಾಚಿನ ಮೇಲಿತ್ತು, ಈಗ ಬದಿಯಲ್ಲಿ ನಿಂತು ಆ ವೇಗವನ್ನೇ ನೋಡಿದೆ. ಒಳಗೆ ಕೂತಾಗ ಅದು ಇಷ್ಟು ಭೀಕರ ಎಂದು ಗೊತ್ತಾಗುವುದಿಲ್ಲ. ಬೈರಾಸು ಎತ್ತಿದೆ. ಚಕ್ರಗಳು ಕಿರುಚಿದವು, ಕೆಂಪು ಧೂಳು ಎದ್ದಿತು. ಬಸ್ಸು ನಿಲ್ಲಲಿಲ್ಲ. ಜಾರುತ್ತ ಹೋಗಿ ಎಮ್ಮೆಯ ಮೇಲೆ ಹತ್ತಿ, ಅದನ್ನು ಅಡಿಯಲ್ಲಿ ಎಳೆದುಕೊಂಡು, ಮೂರು ಅಳತೆಯ ಹತ್ತಿರ ಹೋಗಿ ನಿಂತಿತು. ಧೂಳು ಕೂತಾಗ ರಸ್ತೆಯುದ್ದಕ್ಕೂ ಬೈಹುಲ್ಲು, ನಡುನಡುವೆ ಮಲ್ಲಿಗೆ. ಹಸಿರಿನ ಡ್ರೈವರು ತನಗೆ ಹಾಗಾಗದು ಎಂದು ಹತ್ತಿದರು. ಅವರು ನಿಂತದ್ದೂ ಅಲ್ಲೇ. ಇಳಿದು ಬಂದು ಚಕ್ರಕ್ಕೆ ಸುತ್ತಿಕೊಂಡಿದ್ದ ಎಮ್ಮೆಯ ಗೋಣಿಯನ್ನು ಕೈಯಿಂದ ಎಳೆದು ನೋಡಿದರು. ಯಾವ ಪಕ್ಷದಿಂದಲೂ ಸದ್ದಿಲ್ಲ. ನಾನು ಇಷ್ಟು ಹೆದರುತ್ತಿದ್ದ ಆ ಹಳೆಯ ಮೌನವೇ ಮರಳಿ ಬಂದಿತ್ತು. ನನಗೆ ಅಳು ಬಂತು, ಸಮಾಧಾನದ ಅಳು.

ನಿಧಾನದಲ್ಲಿ ನಿಲ್ಲಲು ಬೇಕಾದ ದೂರದಲ್ಲಿ ಎರಡು ಪಾಲು ಉಂಟು ಎಂದು ಅಲ್ಲೇ ರಸ್ತೆಯ ಮೇಲೆ ಸುಣ್ಣದಲ್ಲಿ ಬರೆದು ತೋರಿಸಿದೆ. ಕಣ್ಣು ಕಂಡು ಕಾಲು ಬ್ರೇಕು ಒತ್ತುವವರೆಗಿನ ದೂರ ವೇಗದ ಜೊತೆ ಎರಡರಷ್ಟಾಗುತ್ತದೆ, ಒತ್ತಿದ ಮೇಲಿನದು ನಾಲ್ಕರಷ್ಟು. ಇಬ್ಬರು ಡ್ರೈವರುಗಳೂ ಕೈಕಟ್ಟಿ ನಿಂತು ಕೇಳಿದರು.

ಪಂದ್ಯದಲ್ಲಿ ಗೆದ್ದವರು ಯಾರು ಎಂದು ಒಬ್ಬಳು ಸಣ್ಣ ದನಿಯಲ್ಲಿ ಕೇಳಿದಳು. ಹಗ್ಗ ಸುತ್ತಿಕೊಳ್ಳಿ, ಉತ್ತರ ಬೇರೆ ಕಡೆ ಉಂಟು ಎಂದೆ.

ಆ ಮಧ್ಯಾಹ್ನ ಮೋರಿಯ ತಿರುವಿನಲ್ಲಿ ಇಳಿದೆವು. ಗುಡ್ಡದ ಮರೆ ಕಳೆದು ಮೋರಿ ಮೊದಲ ಬಾರಿ ಕಣ್ಣಿಗೆ ಬೀಳುವ ಜಾಗವನ್ನು ಇಬ್ಬರು ಡ್ರೈವರುಗಳೇ ತೋರಿಸಿದರು. ಅದರಲ್ಲಿ ಅವರಿಗೆ ಭಿನ್ನಾಭಿಪ್ರಾಯವಿರಲಿಲ್ಲ. ಮೂರು ಅಳತೆಯ ಹಗ್ಗದ ಒಂದು ತುದಿಯನ್ನು ಅಲ್ಲಿ ಕಲ್ಲಿನ ಅಡಿಗೆ ಇಟ್ಟೆವು. ಇನ್ನೊಂದು ತುದಿಯನ್ನು ಬುತ್ತಿಪಾತ್ರೆಯ ಹುಡುಗ ಹಿಡಿದುಕೊಂಡು ನಡೆದ. ಮೋರಿಗೆ ಬಂದ. ಹಗ್ಗ ಇನ್ನೂ ಉಳಿದಿತ್ತು. ಬಸ್ಸು ತಿರುಗುವುದಿಲ್ಲ, ನೇರ ಜಾರುತ್ತದೆ ಎಂದು ನೆನಪಿಸಿದೆ. ಅವನು ರಸ್ತೆ ಬಿಟ್ಟು ಮೋರಿಯ ಪಕ್ಕದಿಂದ ಕೆಳಗಿಳಿದ, ಪೊದೆ ದಾಟಿದ, ತೋಡಿನ ನೀರಿಗೆ ಇಳಿದ. ನೀರು ಅವನ ಎದೆಯವರೆಗೆ ಬಂದಾಗ ಹಗ್ಗ ಬಿಗಿಯಾಯಿತು. ಅವನು ತಿರುಗಿ ನಮ್ಮನ್ನು ನೋಡಿದ. ಅವನ ಮುಖದಲ್ಲಿ ನಗುವಿರಲಿಲ್ಲ.

ಹಳದಿಯ ಡ್ರೈವರು ಮೋರಿಯ ಕಟ್ಟೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ನೀರಿಗೆ ಬಗ್ಗಿ ನೋಡಿದ.

"ಕಂಡಕ್ಟರು ಮುಖ ಮುಚ್ಚಿಕೊಳ್ಳುವುದು ಬೇಡ ಟೀಚರ್" ಎಂದ. "ಇಲ್ಲೇ ತೊಳೆದುಕೊಳ್ಳಲಿಕ್ಕೆ ಆಗ್ತದೆ."

ಆ ಲೆಕ್ಕಕ್ಕೆ ಬಂದ ಉತ್ತರಗಳಲ್ಲೆಲ್ಲ ಅದೇ ಒಳ್ಳೆಯದು. ಯಾರೂ ನಗಲಿಲ್ಲ. ಹಸಿರಿನ ಡ್ರೈವರು ಹೋಗಿ ಹುಡುಗನಿಗೆ ಕೈಕೊಟ್ಟು ಮೇಲೆ ಎಳೆದುಕೊಂಡರು.

ಮರುದಿನ ಬಸ್ಸಿನ ಬೆನ್ನಿನ ಬಣ್ಣವನ್ನು ಹಳದಿಯ ಪಕ್ಷದವರೇ ಸೀಮೆಎಣ್ಣೆ ಹಾಕಿ ಉಜ್ಜಿದರು. ಹಸಿರು ಮತ್ತೆ ಸೈಡು ಕೊಡತೊಡಗಿತು, ಹಿರಿಯಡ್ಕಕ್ಕೆ ಮೊದಲಿನ ನೇರ ರಸ್ತೆಯಲ್ಲಿ. ನಾನು ನಗೆಯ ಲೆಕ್ಕ ಬರೆಯುವುದನ್ನು ಬಿಡಲಿಲ್ಲ. ಆದರೆ ಉತ್ತರ ಬಂದ ಮೇಲೆ ಆ ಜಾಗ ಎಲ್ಲಿ ಉಂಟು, ಅಲ್ಲಿ ಯಾರು ನಿಂತಿರುತ್ತಾರೆ ಎಂದು ಒಮ್ಮೆ ಯೋಚಿಸಿಯೇ ಹಲಗೆಯ ಹತ್ತಿರ ಹೋಗುತ್ತಿದ್ದೆ.

ಎಂಬತ್ತರ ದಶಕ ನಡೆಯುತ್ತಿದ್ದಾಗ, ಕಾಪುವಿನಿಂದ ಹೊಸದಾಗಿ ಬಂದ ಅಧ್ಯಾಪಕಿಯೊಬ್ಬರು ಒಂದು ಬೆಳಿಗ್ಗೆ ನನ್ನ ಪಕ್ಕದಲ್ಲಿ ಕೂತಿದ್ದರು. ನಮ್ಮ ಕಡೆಯ ರಸ್ತೆಗಳಲ್ಲಿ ದೈವದ ಗುಡಿ ಇದ್ದಲ್ಲೆಲ್ಲ ಬಸ್ಸು ನಿಧಾನವಾಗುತ್ತದೆ, ಕಂಡಕ್ಟರು ಒಂದು ನಾಣ್ಯ ಎಸೆಯುತ್ತಾನೆ. ಮೋರಿಯ ತಿರುವಿಗೆ ಮೊದಲು ಹಸಿರು ಬಸ್ಸು ಗೇರು ಇಳಿಸಿ, ನಡೆಯುವವರ ವೇಗಕ್ಕೆ ಬಂತು. ಅವರು ಕಿಟಕಿಯ ಹೊರಗೆ ಬಗ್ಗಿ ನೋಡಿದರು, ಗುಡಿ ಕಾಣಲಿಲ್ಲ. ಇಲ್ಲಿ ಎಂತ ದೈವ ಎಂದು ಡ್ರೈವರನ್ನೇ ಕೇಳಿದರು.

ಈಗ ತಲೆ ಪೂರಾ ನೆರೆತಿದ್ದ ಅದೇ ಡ್ರೈವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ದೈವ ಅಲ್ಲ. ಇಲ್ಲಿ ಟೀಚರ ಲೆಕ್ಕ ಉಂಟು" ಎಂದರು.

ಮೋರಿ ದಾಟುವವರೆಗೆ ನಾನು ಕಂಬಿ ಬಿಡಲಿಲ್ಲ.